ಬೀಡಿ ಮತ್ತು ಬಿಡುವು: ಮಂಡ್ಯದ ಆಲೆಮನೆಯ ಒಂದು ಪ್ರಕರಣ

ಮಂಡ್ಯ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ. ಇಲ್ಲಿ ಬರೆಯುತ್ತಿರುವುದು ನಮ್ಮಲ್ಲಿಗೆ ಬಂದ ಒಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಎದುರಿಗೆ ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಇಂಥದೇ ಕೆಲಸ ಮಾಡುವವರು, ಆಶಾ ಕಾರ್ಯಕರ್ತೆಯರು, ಮನೆಯವರ ಬೀಡಿ ಬಿಡಿಸಲು ಹೋಗಿ ಸೋತು ಕುಳಿತವರು ಇದನ್ನು ಓದಲಿ ಎಂಬುದು ನನ್ನ ಆಸೆ. ಈ ಪ್ರಕರಣದಲ್ಲಿ ನಾನು ಮಾಡಿದ ತಪ್ಪುಗಳನ್ನು ಮುಚ್ಚಿಟ್ಟಿಲ್ಲ. ಕಲಿತದ್ದೆಲ್ಲ ಆ ತಪ್ಪುಗಳಿಂದಲೇ.

ಹಿನ್ನೆಲೆ

ಅಣ್ಣನಿಗೆ ಐವತ್ತು ದಾಟಿತ್ತು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಗಾಣಕ್ಕೆ ಕಬ್ಬು ಕೊಡುವ ಹುಡುಗನಾಗಿ ಆಲೆಮನೆ ಸೇರಿದವರು, ಆಮೇಲೆ ಒಲೆಗೆ ರಚ್ಚು (ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ) ಹಾಕುವ ಕೆಲಸಕ್ಕೆ ಬಂದು, ಕೊನೆಗೆ ಪಾಕ ನೋಡುವವರಾದರು. ಆಲೆಮನೆಯಲ್ಲಿ ಇದಕ್ಕಿಂತ ದೊಡ್ಡ ಜವಾಬ್ದಾರಿ ಇಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಎರಡೂವರೆ ಮೂರು ಗಂಟೆ ಕುದಿಯುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಒಂದು ಚೂರು ಪಾಕವನ್ನು ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಬೇಕು. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ಅಣ್ಣನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಚರ್ಮ ಸುಟ್ಟು ಸುಟ್ಟು ದಡ್ಡುಗಟ್ಟಿ, ರೇಖೆಗಳೇ ಅಳಿಸಿಹೋಗಿವೆ. ಪಡಿತರದ ಅಂಗಡಿಯ ಬೆರಳಚ್ಚಿನ ಯಂತ್ರ ಅವರ ಬೆರಳನ್ನು ಗುರುತಿಸುವುದಿಲ್ಲ, ಹೆಂಡತಿಯೇ ಹೋಗಬೇಕು.

ಬೀಡಿ ಶುರುವಾದದ್ದು ಹೇಗೆ ಎಂದು ಕೇಳಿದೆ. "ದೊಡ್ಡವರು ಬೀಡಿ ಕೊಟ್ಟು, ಹೋಗಿ ಒಲೆಯಲ್ಲಿ ಹಚ್ಚಿಕೊಂಡು ಬಾ ಎನ್ನುತ್ತಿದ್ದರು. ಹಚ್ಚಬೇಕಾದರೆ ಒಂದು ಸಲ ಎಳೆಯಲೇಬೇಕಲ್ಲ" ಎಂದರು. ನಮ್ಮ ಕಡೆಯ ಎಷ್ಟೋ ಗಂಡಸರು ಬೀಡಿ ಕಲಿತದ್ದು ಹೀಗೆಯೇ. ಗೆಳೆಯರ ಸಹವಾಸವೂ ಅಲ್ಲ, ಸಿನಿಮಾ ನೋಡಿಯೂ ಅಲ್ಲ. ಹಿರಿಯರ ಮಾತಿಗೆ ಎದುರಾಡದ ಒಬ್ಬ ಹುಡುಗನ ವಿಧೇಯತೆಯಿಂದ.

ನನ್ನ ಬಳಿಗೆ ಬಂದಾಗ ಅವರು ದಿನಕ್ಕೆ ಇಪ್ಪತ್ತೈದು ಬೀಡಿಯ ಒಂದು ಕಟ್ಟು ಸೇದುತ್ತಿದ್ದರು, ಕೆಲಸ ಜೋರಿದ್ದಾಗ ಒಂದೂವರೆ. ನವೆಂಬರ್ ತಿಂಗಳು. ಎರಡು ತಿಂಗಳಿಂದ ಕೆಮ್ಮು ಬಿಟ್ಟಿರಲಿಲ್ಲ. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದಾಗಿತ್ತು. ಊದಿಸಿ ಮಾಡುವ ಶ್ವಾಸಕೋಶದ ಪರೀಕ್ಷೆಯಲ್ಲಿ ಗಾಳಿಯ ದಾರಿ ಕಿರಿದಾಗಿರುವುದು ಕಂಡಿತ್ತು. ವೈದ್ಯರು ಸಿಒಪಿಡಿ, ಅಂದರೆ ಉಸಿರಿನ ದಾರಿ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಎಂದು ಚೀಟಿಯಲ್ಲಿ ಬರೆದು, ಅವರನ್ನು ನನ್ನ ಕೊಠಡಿಗೆ ಕಳುಹಿಸಿದ್ದರು.

ಸಮಸ್ಯೆ

ತಂಬಾಕಿನ ಅವಲಂಬನೆ ಎಷ್ಟಿದೆ ಎಂದು ಅಳೆಯಲು ನಾವು ಬಳಸುವುದು ಸ್ವೀಡನ್ನಿನ ಮನೋವಿಜ್ಞಾನಿ ಕಾರ್ಲ್ ಫಾಗರ್‌ಸ್ಟ್ರೋಮ್ ಅವರ ಹೆಸರಿನ ಪ್ರಶ್ನಾವಳಿ. ಆರು ಪ್ರಶ್ನೆ, ಹತ್ತು ಅಂಕ. ಅದರಲ್ಲಿ ಹೆಚ್ಚು ತೂಕದ ಪ್ರಶ್ನೆಗಳಲ್ಲಿ ಒಂದು, ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ ಎಂಬುದು. ಐದು ನಿಮಿಷದೊಳಗೆ ಎಂದರೆ ಪೂರ್ತಿ ಮೂರು ಅಂಕ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿ ನಿದ್ದೆ ಮುಗಿಯುವ ಹೊತ್ತಿಗೆ ದೇಹ ಬರಿದಾಗಿ ಬೇಡತೊಡಗಿರುತ್ತದೆ. ಅಣ್ಣ ಹೇಳಿದರು: "ಚಾಪೆಯ ಕೆಳಗೇ ಇಟ್ಟುಕೊಂಡಿರುತ್ತೇನೆ ಮೇಡಂ. ಕಣ್ಣು ಬಿಡುವ ಮೊದಲು ಕೈ ಹೋಗುತ್ತದೆ." ಒಟ್ಟು ಏಳು ಅಂಕ ಬಂತು. ತೀವ್ರ ಅವಲಂಬನೆ.

ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಸಣ್ಣ ಯಂತ್ರವೂ ನಮ್ಮಲ್ಲಿದೆ. ಹದಿನೈದು ಸೆಕೆಂಡು ಉಸಿರು ಹಿಡಿದು ಊದಬೇಕು. ಅವರಿಗೆ ಅಷ್ಟು ಹೊತ್ತು ಹಿಡಿಯಲಾಗದೆ ಕೆಮ್ಮಿ, ಮೂರನೆಯ ಸಲಕ್ಕೆ ಊದಿದರು. ದಶಲಕ್ಷಕ್ಕೆ 24 ಭಾಗ ಬಂತು. ಸೇದದವರಲ್ಲಿ ಇದು ಸಾಮಾನ್ಯವಾಗಿ 6ಕ್ಕಿಂತ ಕೆಳಗೆ. 10 ದಾಟಿದರೆ ಸೇದಿದ್ದಾರೆ ಎಂದು ತಿಳಿಯುವುದು ರೂಢಿ. ಈ ರೂಢಿಯ ಮಾತು ಮುಂದೆ ಮತ್ತೆ ಬರುತ್ತದೆ.

ಹಿಂದೆ ಯಾವಾಗಲಾದರೂ ಬಿಡಲು ನೋಡಿದ್ದಿರಾ ಎಂಬ ಪ್ರಶ್ನೆಗೆ ಎರಡು ಉತ್ತರ ಬಂದವು. ಐದು ವರ್ಷದ ಹಿಂದೆ ಮಗಳ ಮದುವೆಯ ನಂತರ ಧರ್ಮಸ್ಥಳಕ್ಕೆ ಹೋಗಿ, ಮಂಜುನಾಥನ ಮುಂದೆ ಇನ್ನು ಬೀಡಿ ಮುಟ್ಟುವುದಿಲ್ಲ ಎಂದು ಆಣೆ ಇಟ್ಟಿದ್ದರು. ಹನ್ನೆರಡು ದಿನ ನಡೆಯಿತು. ಮುರಿದ ಮೇಲೆ ಒಂದೂವರೆ ವರ್ಷ ಹೆಂಡತಿಗೆ ತಿಳಿಯದಂತೆ ಸೇದಿದರು. ಮತ್ತೆ ಧರ್ಮಸ್ಥಳಕ್ಕೆ ಹೋಗಲೇ ಇಲ್ಲ. "ಯಾವ ಮುಖ ಇಟ್ಟುಕೊಂಡು ಹೋಗಲಿ?" ಎಂದು ನೆಲ ನೋಡಿದರು. ಇನ್ನೊಂದು, ಎರಡು ವರ್ಷದ ಹಿಂದೆ ಅಯ್ಯಪ್ಪನ ಮಾಲೆ ಹಾಕಿದ್ದಾಗ 41 ದಿನ ಒಂದೂ ಸೇದಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನವೇ ಟೀ ಅಂಗಡಿಯ ಮುಂದೆ ಮತ್ತೆ ಹಚ್ಚಿದರು.

ನಾನು ಕಡತದಲ್ಲಿ ಬರೆದದ್ದು ಒಂದೇ ಸಾಲು: "ಹಿಂದಿನ ಪ್ರಯತ್ನ ಎರಡು, 12 ದಿನ ಮತ್ತು 41 ದಿನ, ಮರುಕಳಿಕೆ." ಅಷ್ಟಕ್ಕೆ ಬಿಟ್ಟು ಮುಂದಿನ ಕಾಲಂಗೆ ಹೋದೆ. 41 ದಿನ ಎಂಬ ಸಂಖ್ಯೆ ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ನಿಕೋಟಿನ್ ನಿಂತಾಗ ಬರುವ ಸಿಡುಕು, ತಳಮಳ, ನಿದ್ದೆಗೇಡು ಮೊದಲ ಎರಡು ಮೂರು ದಿನ ಜೋರಾಗಿದ್ದು, ಮೂರು ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. 41 ದಿನ ದಾಟಿದ ದೇಹ ಆ ಗಂಡಾಂತರವನ್ನು ಕಳೆದು ಬಂದಿತ್ತು. ಹಾಗಾದರೆ ಮತ್ತೆ ಹಚ್ಚಿಸಿದ್ದು ಯಾವುದು? ಆ ದಿನ ನಾನು ಕೇಳಲಿಲ್ಲ.

ಮೊದಲ ಪ್ರಯತ್ನ

ಬಿಡುವ ದಿನ ಗೊತ್ತುಮಾಡಬೇಕಿತ್ತು. ಜನವರಿ 1 ಎಂದು ನಾನೇ ಸೂಚಿಸಿದೆ. ನೆನಪಿಡಲು ಸುಲಭ, ಹೊಸ ವರ್ಷ, ಹೊಸ ಹುರುಪು. ಅಣ್ಣ "ನೀವು ಹೇಳಿದ ಹಾಗೆ" ಎಂದರು. ಜನವರಿ 1 ನನ್ನ ಗೋಡೆಯ ಕ್ಯಾಲೆಂಡರಿನ ದಿನ. ಅವರ ಕ್ಯಾಲೆಂಡರಿನಲ್ಲಿ ಅದು ಸಂಕ್ರಾಂತಿಗೆ ಎರಡು ವಾರ ಮೊದಲು, ಅಂದರೆ ಎಳ್ಳುಬೆಲ್ಲದ ಬೇಡಿಕೆಗೆ ಆಲೆಮನೆ ಹಗಲೂ ರಾತ್ರಿ ಉರಿಯುವ ಕಾಲ. ಮಂಡ್ಯದಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು.

ವೈದ್ಯರು ಎರಡು ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ಬೇಡವೆಂದರು, ಅದಕ್ಕೆ ಕಾರಣವಿತ್ತು. ಒಲೆಯ ಮುಂದೆ ಬೆವರಿನಲ್ಲಿ ಪಟ್ಟಿ ನಿಲ್ಲುವುದಿಲ್ಲ, ನಿಂತರೂ ಕಾವಿಗೆ ಅದರಿಂದ ನಿಕೋಟಿನ್ ಬೇಕಾದ್ದಕ್ಕಿಂತ ವೇಗವಾಗಿ ಮೈಗೆ ಇಳಿಯುತ್ತದೆ. ಗಮ್ ಹೇಗೆ ಬಳಸಬೇಕೆಂದು ನಾನು ಬಾಯಲ್ಲಿ ಹೇಳಿದೆ, ಮಾಡಿ ತೋರಿಸಲಿಲ್ಲ.

ಒಂಬತ್ತನೆಯ ದಿನ ರಾತ್ರಿ ಬೀಡಿ ಹಚ್ಚಿದರು. ಮುಂದಿನ ವಾರ ಬಂದಾಗ ಗಮ್ಮಿನ ಡಬ್ಬಿ ಬಹುತೇಕ ತುಂಬಿತ್ತು. "ಅಗಿದೆ ಮೇಡಂ, ಬಿಕ್ಕಳಿಕೆ ಹತ್ತಿತು, ಹೊಟ್ಟೆ ತೊಳಸಿತು, ಬಿಟ್ಟೆ" ಎಂದರು. ಒಂದನ್ನು ಕೊಟ್ಟು ನನ್ನೆದುರೇ ಅಗಿಯಲು ಹೇಳಿದೆ. ಎಲೆ ಅಡಿಕೆ ಅಗಿಯುವಂತೆ ಗಸಗಸನೆ ಅಗಿದು ರಸ ನುಂಗಿದರು. ಅದೇ ತೊಡಕು. ಈ ಗಮ್ಮಿನ ನಿಕೋಟಿನ್ ಹೋಗಬೇಕಾದದ್ದು ಬಾಯಿಯ ಒಳಚರ್ಮದ ಮೂಲಕ. ನುಂಗಿದರೆ ಹೊಟ್ಟೆ ಕೆಡುತ್ತದೆ, ಪ್ರಯೋಜನ ಹೆಚ್ಚಿಲ್ಲ. ನಾಲ್ಕಾರು ಸಲ ನಿಧಾನವಾಗಿ ಅಗಿದು, ಚುರುಗುಟ್ಟತೊಡಗಿದ ಕೂಡಲೇ ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಡಬೇಕು. ಚುರುಕು ಕಡಿಮೆಯಾದ ಮೇಲೆ ಮತ್ತೆ ಅಗಿದು, ಇನ್ನೊಂದು ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮೊದಲ ಹದಿನೈದು ನಿಮಿಷ ಕಾಫಿಯನ್ನಾಗಲಿ ಹುಳಿ ಪಾನೀಯವನ್ನಾಗಲಿ ಕುಡಿಯಬಾರದು, ಹುಳಿಯ ಬಾಯಲ್ಲಿ ನಿಕೋಟಿನ್ ಒಳಗೆ ಹೋಗುವುದಿಲ್ಲ. ಆಲೆಮನೆಯಲ್ಲಿ ನಿಂಬೆ ಹಿಂಡಿದ ಕಬ್ಬಿನ ಹಾಲು ಕುಡಿದು ಗಮ್ ಹಾಕಿಕೊಂಡರೆ ಏನಾಗುತ್ತದೆ, ಹೇಳಬೇಕಾಗಿಲ್ಲ.

ಸೋತದ್ದಕ್ಕೆ ಗಮ್ಮೇ ಕಾರಣ ಎಂದು ತೀರ್ಮಾನಿಸಿಬಿಡಬಹುದಿತ್ತು. ಆದರೆ ಹೊರಡುವಾಗ ಅಣ್ಣ ಬಾಗಿಲ ಬಳಿ ನಿಂತು ಒಂದು ಮಾತು ಹೇಳಿದರು: "ಆಣೆಯೂ ನಿಲ್ಲಲಿಲ್ಲ, ಔಷಧವೂ ನಿಲ್ಲಲಿಲ್ಲ. ಮಾಲೆ ಒಂದೇ ನಿಂತದ್ದು." ನಾನು ಅವರನ್ನು ವಾಪಸ್ ಕರೆದು ಕೂರಿಸಿದೆ. ಮಾಲೆ ಹಾಕಿದ್ದಾಗ ಕೆಲಸಕ್ಕೆ ರಜೆ ಹಾಕಿದ್ದಿರಾ ಎಂದು ಕೇಳಿದೆ. ಇಲ್ಲ, ಅದೇ ಆಲೆಮನೆ, ಅದೇ ಒಲೆ, ಅದೇ ರಾತ್ರಿಪಾಳಿ. ಹಾಗಾದರೆ ಆಗ ಏನು ಬೇರೆ ಇತ್ತು? ಬಹಳ ಹೊತ್ತು ಯೋಚಿಸಿದರು. "ಎಲ್ಲರೂ ಸ್ವಾಮಿ ಎನ್ನುತ್ತಿದ್ದರು. ಯಾರೂ ಬೀಡಿ ಚಾಚುತ್ತಿರಲಿಲ್ಲ" ಎಂದರು. ಇನ್ನೇನಿತ್ತು? "ಬೆಳಿಗ್ಗೆ, ಸಂಜೆ ಪೂಜೆಗೆ ಬಿಡುತ್ತಿದ್ದರು. ನಡುವೆಯೂ ಸ್ವಲ್ಪ ಕೂತುಕೊಳ್ಳಿ ಸ್ವಾಮಿ ಎನ್ನುತ್ತಿದ್ದರು." ಈಗ? "ಈಗ ಬೀಡಿ ಸೇದಿದರೆ ಯಾರೂ ಏನೂ ಅನ್ನುವುದಿಲ್ಲ. ಸುಮ್ಮನೆ ಕೂತರೆ ಕೆಲಸ ಹೇಳುತ್ತಾರೆ."

ಒಂಬತ್ತನೆಯ ರಾತ್ರಿ ನಡೆದದ್ದೂ ಆಗ ಹೊರಬಂತು. ಎರಡನೆಯ ಕೊಪ್ಪರಿಗೆ ಇಳಿಸಿ, ಬೆವರು ಒರೆಸಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಯಜಮಾನರು ಬಂದವರು, "ಬೀಡಿ ಬಿಟ್ಟಿದ್ದೀಯಲ್ಲ, ಮತ್ತೇಕೆ ಕೂತಿದ್ದೀಯ? ಅಚ್ಚು ತೊಳೆದಿಡು" ಎಂದರಂತೆ. ಬೈದದ್ದಲ್ಲ, ಸಹಜವಾಗಿ ಆಡಿದ ಮಾತು. ಅಣ್ಣ ಎದ್ದು ಅಚ್ಚು ತೊಳೆದರು. ಮೂರನೆಯ ಕೊಪ್ಪರಿಗೆ ಇಳಿದ ಮೇಲೆ ಪಕ್ಕದವನಿಂದ ಒಂದು ಬೀಡಿ ಈಸಿಕೊಂಡು ಹಚ್ಚಿದರು. ಆಗ ಯಾರೂ ಅವರನ್ನು ಮಾತನಾಡಿಸಲಿಲ್ಲ.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ನಾನು ಅಲ್ಲಿಯವರೆಗೆ ಅವರ ಬೀಡಿಯನ್ನು ರೋಗದ ಕಣ್ಣಿನಿಂದ ಮಾತ್ರ ನೋಡಿದ್ದೆ. ಬೀಡಿ ಅವರಿಗೆ ಕೂರಲು ಸಿಕ್ಕ ಪರವಾನಗಿಯಾಗಿತ್ತು. ಹನ್ನೆರಡು ಗಂಟೆ ಬೆಂಕಿಯ ಮುಂದೆ ನಿಲ್ಲುವ ಮನುಷ್ಯನಿಗೆ ಯಾರ ಅಪ್ಪಣೆಯೂ ಇಲ್ಲದೆ ಹೊರಗೆ ಹೋಗಿ ಏಳು ನಿಮಿಷ ಕೂರಲು ಇದ್ದ ಒಂದೇ ದಾರಿ ಅದು. ನಾವು ಬೀಡಿಯನ್ನು ಕಿತ್ತುಕೊಂಡೆವು, ಜೊತೆಗೆ ಬಿಡುವನ್ನೂ ಕಿತ್ತುಕೊಂಡೆವು. ಹತ್ತಾರು ಮಂದಿ ದುಡಿಯುವ ಜಾಗದಲ್ಲಿ ಬೀಡಿ ಬಿಟ್ಟವನಿಗೆ ಹೆಚ್ಚು ಕೆಲಸ ಬೀಳುತ್ತದೆ ಎಂದರೆ, ಬಿಡು ಎಂದು ಹೇಳಲು ನಮಗೆ ಯಾವ ಹಕ್ಕಿದೆ ಎಂದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಲೆಮನೆಯಲ್ಲಿ ಒಂದು ಮಧ್ಯಾಹ್ನ

ಅಣ್ಣನ ಅನುಮತಿ ಕೇಳಿ, ಸಂಕ್ರಾಂತಿ ಕಳೆದ ಮೇಲೆ ಆಲೆಮನೆಗೆ ಹೋದೆ. ಕುದಿಯುವ ಕಬ್ಬಿನ ಹಾಲಿನ ವಾಸನೆ ರಸ್ತೆಯ ತಿರುವಿನಲ್ಲೇ ಮೂಗಿಗೆ ಬಡಿಯಿತು. ಒಳಗೆ ಹೊಗೆ ಎಷ್ಟಿತ್ತೆಂದರೆ ಕಣ್ಣು ಉರಿಯಿತು. ಒಂದು ಕೊಪ್ಪರಿಗೆ ಏರಿ ಇಳಿಯುವ ತನಕ ಮೂಲೆಯಲ್ಲಿ ಕುಳಿತು, ಕೆಲಸಗಾರರಲ್ಲಿ ಯಾರು ಎಷ್ಟು ಸಲ ಬೀಡಿಗೆ ಹೊರಗೆ ಹೋದರು ಎಂದು ಪುಸ್ತಕದಲ್ಲಿ ಗೀಟು ಹಾಕಿದೆ. ಅಣ್ಣ ಏಳು ಸಲ ಹೋದರು. ಒಂದೊಂದು ಸಲಕ್ಕೆ ಆರೇಳು ನಿಮಿಷ. ಬೀಡಿ ಸಿಗರೇಟಿನಂತಲ್ಲ, ಎಳೆಯದಿದ್ದರೆ ಆರಿಹೋಗುತ್ತದೆ. ಅದನ್ನು ಉರಿಸಿಕೊಂಡೇ ಇರಲು ಮತ್ತೆ ಮತ್ತೆ ಬಲವಾಗಿ ಎಳೆಯಬೇಕು. ಬೀಡಿಯಲ್ಲಿ ತಂಬಾಕು ಕಡಿಮೆ, ಅಪಾಯವೂ ಕಡಿಮೆ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಓದಿದವರೂ ಆಡುತ್ತಾರೆ. ಅದು ನಿಜವಲ್ಲ. ಆ ಎಳೆತದಲ್ಲಿ ಟಾರ್, ಕಾರ್ಬನ್ ಮೊನಾಕ್ಸೈಡ್ ಎರಡೂ ಶ್ವಾಸಕೋಶಕ್ಕೆ ಧಾರಾಳವಾಗಿ ಇಳಿಯುತ್ತವೆ.

ಯಜಮಾನರು ಒಳ್ಳೆಯ ಮನುಷ್ಯರು. ಬಂದ ಕಾರಣ ಹೇಳಿದಾಗ ಮೊದಲು ಹಿಂಜರಿದರು. "ಒಬ್ಬನಿಗೆ ಕೂರಲು ಬಿಟ್ಟರೆ ಎಲ್ಲರೂ ಕೂರುತ್ತೇವೆ ಎನ್ನುತ್ತಾರಮ್ಮ" ಎಂದರು. ನಾನು ಗೀಟು ಹಾಕಿದ ಪುಸ್ತಕ ತೋರಿಸಿದೆ. ಏಳು ಸಲ, ಒಟ್ಟು ಮುಕ್ಕಾಲು ಗಂಟೆಗೂ ಹೆಚ್ಚು. ಕೊಪ್ಪರಿಗೆ ಇಳಿದ ಮೇಲೆ ಹತ್ತು ನಿಮಿಷ, ನಡುವೆ ಹತ್ತು ನಿಮಿಷ ಕೂರಲು ಬಿಟ್ಟರೆ ನಿಮಗೇ ಸಮಯ ಉಳಿಯುತ್ತದಲ್ಲ ಎಂದೆ. ಅವರು ಗೀಟುಗಳ ಮೇಲೆ ಬೆರಳಾಡಿಸಿ ಎಣಿಸಿದರು. "ಕೂತದ್ದನ್ನು ನಾನು ಎಂದೂ ಲೆಕ್ಕ ಹಾಕಿರಲಿಲ್ಲ" ಎಂದರು. ಅಲ್ಲಿಯೇ ಅಣ್ಣನನ್ನು ಕರೆದು, ಎಲ್ಲರಿಗೂ ಕೇಳುವಂತೆ, ಕೊಪ್ಪರಿಗೆ ಇಳಿದ ಮೇಲೆ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿ, ಆ ಹೊತ್ತಿನಲ್ಲಿ ನಿನ್ನನ್ನು ಯಾರೂ ಕರೆಯುವುದಿಲ್ಲ ಎಂದು ಹೇಳಿದರು. ಸಮಾಲೋಚಕಿಯಾಗಿ ನಾನು ಆಡಿದ ಯಾವ ಮಾತಿಗೂ ಆ ಮಾತಿನ ಬಲ ಇರಲಿಲ್ಲ.

ಎರಡನೆಯ ದಿನಾಂಕವನ್ನು ಅಣ್ಣನೇ ಆರಿಸಿದರು. ಫೆಬ್ರುವರಿಯಲ್ಲಿ ಒಲೆ ದುರಸ್ತಿಗೆ ಆಲೆಮನೆ ಐದು ದಿನ ನಿಲ್ಲುವುದಿತ್ತು. ಅತಿ ಕಷ್ಟದ ಮೊದಲ ಮೂರು ದಿನ ಒಲೆಯಿಂದ ದೂರ, ಮನೆಯಲ್ಲಿ ಕಳೆಯುತ್ತವೆ ಎಂಬುದು ಅವರ ಲೆಕ್ಕ. ನನ್ನ ಜನವರಿ 1ಕ್ಕಿಂತ ಎಷ್ಟೋ ಜಾಣ ಲೆಕ್ಕ. ಎದ್ದ ಕೂಡಲೇ ಸೇದುವವರಿಗೆ ಎರಡು ಮಿಲಿಗ್ರಾಂ ಸಾಲದೆಂದು ವೈದ್ಯರು ನಾಲ್ಕು ಮಿಲಿಗ್ರಾಂ ಗಮ್ ಬರೆದರು. ಈ ಸಲ ಅವರ ಹೆಂಡತಿಯನ್ನೂ ಕೂರಿಸಿಕೊಂಡು ಅಗಿಯುವುದನ್ನು ಮಾಡಿ ತೋರಿಸಿದೆ. ಚಾಪೆಯ ಕೆಳಗೆ ಬೀಡಿಯ ಜಾಗದಲ್ಲಿ ಗಮ್ಮಿನ ಹಾಳೆ ಇಡುವ ಉಪಾಯ ಆ ಅಕ್ಕನದು. ಟೀ ಕಡಿಮೆ ಮಾಡಿ ಎಂದೂ ಹೇಳಿದೆ. ಹೊಗೆ ನಿಂತ ಮೇಲೆ ಟೀ ಕಾಫಿಯ ಕೆಫೀನ್ ದೇಹದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ದಿನಕ್ಕೆ ಆರು ಲೋಟ ಕುಡಿಯುವವರಿಗೆ ಎದೆ ಡವಡವ ಎನ್ನುವುದು, ನಿದ್ದೆ ಬಾರದಿರುವುದು ಇದರಿಂದಲೂ ಆಗಬಹುದು. ಬೀಡಿ ಬಿಟ್ಟದ್ದರಿಂದ ಹೀಗಾಯಿತು ಎಂದುಕೊಂಡು ಮತ್ತೆ ಹಚ್ಚುವವರಿದ್ದಾರೆ.

ಮನಸ್ಸು ತಡೆಯದಿದ್ದರೆ ಯಾರಿಗೆ ಹೇಳುವುದು ಎಂದು ಅಕ್ಕ ಕೇಳಿದರು. ಬೀಡಿ ಕಟ್ಟಿನ ಮೇಲೆಯೇ ಇರುವ ಸಹಾಯವಾಣಿಯ ಸಂಖ್ಯೆ ತೋರಿಸಿದೆ: 1800-11-2356. ಉಚಿತ ಕರೆ, ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತನಾಡಬಹುದು. 2018ರಿಂದ ಈ ಸಂಖ್ಯೆ ತಂಬಾಕಿನ ಪೊಟ್ಟಣಗಳ ಮೇಲೆ ಅಚ್ಚಾಗುತ್ತಿದೆ. ಅಣ್ಣ ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಅವರಿಗೆ ಓದು ಬಾರದು. ಸಂಖ್ಯೆಯನ್ನು ಅವರ ಮೊಬೈಲಿಗೆ ಹಾಕಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟೆ.

ಯಂತ್ರವನ್ನು ನಂಬಿದ ತಪ್ಪು

ಮೊದಲ ಎರಡು ವಾರ ಚೆನ್ನಾಗಿ ನಡೆಯಿತು. ಮೂರನೆಯ ವಾರದ ಭೇಟಿಗೆ ಅಣ್ಣ ಸಂಜೆ, ಕೆಲಸದಿಂದ ನೇರವಾಗಿ ಬಂದರು. ಯಂತ್ರದಲ್ಲಿ ಊದಿಸಿದೆ. 12 ಬಂತು. ಹಿಂದಿನ ಎರಡು ಭೇಟಿಯಲ್ಲಿ ಬೆಳಿಗ್ಗೆ ಬಂದಿದ್ದಾಗ 4, 5 ಇತ್ತು. ನಾನು ಪರದೆಯನ್ನು ನೋಡಿದೆ, ಅವರ ಮುಖ ನೋಡಿದೆ. "ಅಣ್ಣ, ಒಂದೇ ಒಂದಾದರೂ?" ಎಂದೆ.

"ಇಲ್ಲ" ಎಂದರು. ನಾನು ಏನೂ ಹೇಳದೆ 12 ಎಂದು ಬರೆದುಕೊಂಡೆ. ಆ ಮೌನ ಅವರಿಗೆ ಅರ್ಥವಾಯಿತು. ಎದ್ದು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ವೈದ್ಯರ ಬಳಿ ಹೇಳಿಕೊಂಡಾಗ ಅವರು ಕೇಳಿದ ಮೊದಲ ಪ್ರಶ್ನೆ: "ಒಲೆಯ ಮುಂದಿನಿಂದ ಎದ್ದು ಬಂದಿದ್ದರೇ?" ನನಗೆ ಕಪಾಳಕ್ಕೆ ಹೊಡೆದಂತಾಯಿತು. ಯಂತ್ರ ಅಳೆಯುವುದು ಕಾರ್ಬನ್ ಮೊನಾಕ್ಸೈಡನ್ನು. ಅದು ಬೀಡಿಯಿಂದ ಬಂತೋ ಕಬ್ಬಿನ ರಚ್ಚು ಉರಿಯುವ ಒಲೆಯಿಂದ ಬಂತೋ ಯಂತ್ರಕ್ಕೆ ತಿಳಿಯದು. ಆ ಅನಿಲ ಮೈಯಲ್ಲಿ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಅದಕ್ಕೇ ಬೆಳಿಗ್ಗೆ 4, ಸಂಜೆ 12. ನನ್ನ ಕಣ್ಣಾರೆ ಆ ಹೊಗೆಯನ್ನು ನೋಡಿ ಬಂದಿದ್ದೆ, ನನ್ನ ಕಣ್ಣೇ ಉರಿದಿತ್ತು. ಆದರೂ ಯಂತ್ರವನ್ನು ನಂಬಿದೆ, ಮನುಷ್ಯನನ್ನು ನಂಬಲಿಲ್ಲ.

ಯಂತ್ರ ತೆಗೆದುಕೊಂಡು ಆಲೆಮನೆಗೆ ಹೋದೆ. ಯುಗಾದಿಗೆ ನಾಲ್ಕು ದಿನ ಇತ್ತು. ಒಲೆಗೆ ರಚ್ಚು ಹಾಕುವ ಹುಡುಗನೊಬ್ಬನಿದ್ದ, ಇಪ್ಪತ್ತರ ಆಸುಪಾಸು. ಬೀಡಿ ಸೇದುತ್ತೀಯಾ ಎಂದು ಕೇಳಿದೆ. ಇಲ್ಲ ಎಂದ. ಅವನನ್ನು ರಸ್ತೆಯ ಬದಿಗೆ ಕರೆದುಕೊಂಡು ಹೋಗಿ, ಗಾಳಿಯಾಡುವ ಕಡೆ ನಿಲ್ಲಿಸಿ ಊದಿಸಿದೆ. 11 ಬಂತು. ಅಣ್ಣ ದೂರದಿಂದ ನೋಡುತ್ತಿದ್ದರು. ಹತ್ತಿರ ಹೋಗಿ ಪರದೆ ತೋರಿಸಿ, "ತಪ್ಪು ನನ್ನದು ಅಣ್ಣ, ನಿಮ್ಮ ಮಾತನ್ನು ನಂಬಬೇಕಿತ್ತು" ಎಂದೆ.

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಕಡ್ಡಿಪುಡಿಯ (ಬಾಯಲ್ಲಿ ಇಟ್ಟುಕೊಳ್ಳುವ ತಂಬಾಕಿನ ಪುಡಿ) ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟರು. "ಇದನ್ನು ನಿಮ್ಮ ಯಂತ್ರ ಹಿಡಿಯಲಿಲ್ಲ ತಾಯಿ" ಎಂದರು. ಬೀಡಿ ಬಿಟ್ಟ ಹತ್ತನೆಯ ದಿನದಿಂದ ಸುಣ್ಣ ಹಚ್ಚಿ ಕೆನ್ನೆಗೆ ಇಟ್ಟುಕೊಳ್ಳುತ್ತಿದ್ದರಂತೆ. ಬೀಡಿ ಸೇದಿದ್ದೀರಾ ಎಂದು ಪ್ರತಿ ಸಲ ಕೇಳಿದ್ದೆ, ಅವರು ಪ್ರತಿ ಸಲ ಸತ್ಯವನ್ನೇ ಹೇಳಿದ್ದರು. ಬೇರೆ ರೂಪದಲ್ಲಿ ತಂಬಾಕು ಬಳಸುತ್ತೀರಾ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕರ್ನಾಟಕದಲ್ಲಿ ಸೇದುವವರಿಗಿಂತ ಅಗಿಯುವವರು, ಬಾಯಲ್ಲಿ ಇಟ್ಟುಕೊಳ್ಳುವವರೇ ಹೆಚ್ಚು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಈ ಅಂಕಿಯನ್ನು ನಾನು ತರಬೇತಿಗಳಲ್ಲಿ ಬೇರೆಯವರಿಗೆ ಪಾಠ ಮಾಡಿದ್ದೇನೆ.

ಸತ್ಯ ಹೇಳಿದ ದಿನ ಅದೇ ಯಂತ್ರ ಅವರನ್ನು ಸುಳ್ಳುಗಾರರನ್ನಾಗಿ ಮಾಡಿತ್ತು, ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡಿದ್ದ ದಿನ ನಿರ್ದೋಷಿ ಎಂದಿತ್ತು. ಜಗಲಿಯ ಮೇಲೆ ಇಬ್ಬರೂ ಕುಳಿತು ಮಜ್ಜಿಗೆ ಕುಡಿದೆವು. ಆ ದಿನದಿಂದ ಅವರು ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟರು.

ಆಮೇಲೆ

ಕಡ್ಡಿಪುಡಿ ಬಿಡಿಸಲು ಏಳು ವಾರ ಹಿಡಿಯಿತು. ಅದಕ್ಕೂ ನಾಲ್ಕು ಮಿಲಿಗ್ರಾಂ ಗಮ್ಮೇ ಆಧಾರವಾಯಿತು, ಕೆನ್ನೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಆಗಲೇ ಇದ್ದುದರಿಂದ ಒತ್ತರಿಸಿಡುವುದು ಸುಲಭವಾಯಿತು. ಗಮ್ಮನ್ನು ದಿನಕ್ಕೆ ಹನ್ನೆರಡರಿಂದ ಇಳಿಸುತ್ತಾ ಬಂದು, ಜುಲೈ ಹೊತ್ತಿಗೆ ಎರಡಕ್ಕೆ ನಿಂತಿತು.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. "ತಾಯಿ, ನಿನ್ನೆ ಭಾವನ ತಿಥಿಯಲ್ಲಿ ಎರಡು ಸೇದಿಬಿಟ್ಟೆ" ಎಂದರು. ಕಟ್ಟು ಕೊಂಡಿರಾ ಎಂದು ಕೇಳಿದೆ. ಇಲ್ಲ, ಯಾರೋ ಕೊಟ್ಟರು, ಉಳಿದದ್ದು ಅವರ ಜೇಬಿನಲ್ಲೇ ಇದೆ ಎಂದರು. ಹಾಗಾದರೆ ಇವತ್ತು ಎಂದಿನ ಹಾಗೆ ಗಮ್ ಹಾಕಿಕೊಂಡು ಕೆಲಸಕ್ಕೆ ಹೋಗಿ ಎಂದೆ. ನನಗೆ ನಿಜವಾಗಿ ಸಂತೋಷವಾದದ್ದು ಆ ದಿನ. ಐದು ವರ್ಷದ ಹಿಂದೆ ಆಣೆ ಮುರಿದಾಗ ಒಂದೂವರೆ ವರ್ಷ ಮುಚ್ಚಿಟ್ಟಿದ್ದ ಮನುಷ್ಯ, ಈಗ ರಾತ್ರಿ ಕಳೆಯುವುದರೊಳಗೆ ಹೇಳಿದ್ದರು. ಎಡವಿದ ದಿನವೇ ಹೇಳಿಕೊಳ್ಳಲು ಒಬ್ಬರಿದ್ದರೆ ಎರಡು ಬೀಡಿ ಎರಡೇ ಆಗಿ ನಿಲ್ಲುತ್ತದೆ. ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಅದು ಸಂಜೆಗೆ ಕಟ್ಟಾಗುತ್ತದೆ. ಆಣೆಯ ಬಗ್ಗೆ ನನಗೆ ಅಗೌರವವಿಲ್ಲ, ಅದರ ಬಲದಿಂದ ಬಿಟ್ಟವರನ್ನೂ ಕಂಡಿದ್ದೇನೆ. ಆದರೆ ಆಣೆಯಲ್ಲಿ ಎಡವಿದವನು ಎದ್ದು ನಿಲ್ಲಲು ಜಾಗವಿರುವುದಿಲ್ಲ. ಬಿಡುವ ಮೊದಲೇ, ಎಡವಿದರೆ ನನಗೆ ಮೊದಲು ಹೇಳಿ, ನಾನು ಬೈಯುವುದಿಲ್ಲ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಒಂದು ವರ್ಷ ತುಂಬಿದಾಗ ಅಣ್ಣ ಬೀಡಿ, ಕಡ್ಡಿಪುಡಿ ಎರಡೂ ಇಲ್ಲದೆ ಇದ್ದರು. ಬೆಳಗಿನ ಕೆಮ್ಮು ಬಹಳಷ್ಟು ಇಳಿದಿತ್ತು. ನಾಲ್ಕು ಕಿಲೋ ತೂಕ ಹೆಚ್ಚಿತ್ತು. ಶ್ವಾಸಕೋಶದ ಪರೀಕ್ಷೆಯ ಫಲಿತಾಂಶ ಹಿಂದಿನ ವರ್ಷದಷ್ಟೇ ಇತ್ತು. ಹೋದದ್ದು ಮರಳಿ ಬರುವುದಿಲ್ಲ, ಇನ್ನಷ್ಟು ಬೇಗ ಹೋಗುವುದು ತಪ್ಪುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು. ಒಲೆಯ ಹೊಗೆ ಇದ್ದೇ ಇದೆ. ಹೊಗೆ ಕೊಳವೆಯನ್ನು ಎತ್ತರಿಸಬೇಕೆಂದು ಯಜಮಾನರಿಗೆ ಮೂರು ಸಲ ಹೇಳಿದ್ದೇನೆ, ಇನ್ನೂ ಆಗಿಲ್ಲ. ಆ ಚಳಿಗಾಲದಲ್ಲಿ ಅಣ್ಣ ಹೆಂಡತಿಯೊಡನೆ ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರು. ಹೊಸ ಆಣೆ ಇಡಲಿಲ್ಲವಂತೆ.

ನಮ್ಮ ಕೇಂದ್ರದ ನಮೂನೆಯಲ್ಲಿ ಈಗ ಕೆಲವು ಪ್ರಶ್ನೆಗಳನ್ನು ಕೈಯಿಂದ ಬರೆದು ಸೇರಿಸಿಕೊಂಡಿದ್ದೇವೆ. ಬಿಟ್ಟಿದ್ದ ದಿನಗಳಲ್ಲಿ ಏನು ಬೇರೆ ಇತ್ತು? ಕೆಲಸದ ನಡುವೆ ಬೀಡಿ ಇಲ್ಲದೆ ಕೂರಲು ಬಿಡುತ್ತಾರೆಯೇ? ನಿಮ್ಮ ಕೆಲಸದಲ್ಲಿ ಯಾವ ತಿಂಗಳು ಒತ್ತಡ ಕಡಿಮೆ? ಒಲೆ, ಕುಲುಮೆ, ಗೂಡಿನ ಹೊಗೆಯ ಬಳಿ ದುಡಿಯುವವರನ್ನು ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು ಮಾತ್ರ ಯಂತ್ರದಲ್ಲಿ ಊದಿಸುತ್ತೇವೆ. ಮತ್ತು ಪ್ರತಿ ಭೇಟಿಯಲ್ಲೂ, ತಪ್ಪದೆ, ಬಾಯಿಯಲ್ಲಿ ಏನಾದರೂ ಇಟ್ಟುಕೊಳ್ಳುತ್ತೀರಾ ಎಂದು ಕೇಳುತ್ತೇವೆ.

ಕಳೆದ ತಿಂಗಳು ಅಣ್ಣ ಬಂದಾಗ ಜೊತೆಯಲ್ಲಿ ಒಲೆಗೆ ರಚ್ಚು ಹಾಕುವ ಆ ಹುಡುಗನಿದ್ದ. ಅವರ ಹಿಂದೆ ಅರ್ಧ ಮರೆಯಾಗಿ ನಿಂತಿದ್ದ. "ಇವನ ಹೆಸರು ಬರೆದುಕೊಳ್ಳಿ ತಾಯಿ" ಎಂದರು. ಇವನು ಸೇದುವುದಿಲ್ಲವಲ್ಲ ಅಣ್ಣ, ನಾನೇ ಅಂದು ಕೇಳಿದ್ದೆನಲ್ಲ ಎಂದೆ. ನನಗೆ ಕಡ್ಡಿಪುಡಿ ಕೊಟ್ಟವನು ಇವನೇ ಎಂದು ಹೇಳಿ, ಅಣ್ಣ ಅವನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ತಂದರು. "ಬಾಯಿ ತೆಗೆದು ತೋರಿಸು ಮಗ." ಹುಡುಗ ಬಾಯಿ ತೆರೆದ. ಕೆಳದುಟಿಯ ಒಳಗೆ, ವಸಡಿನ ಪಕ್ಕ, ಹೆಬ್ಬೆರಳಿನ ಉಗುರಿನಷ್ಟು ಜಾಗ ಬೆಳ್ಳಗಾಗಿತ್ತು. ದಂತವೈದ್ಯರ ಕೊಠಡಿಗೆ ಅವನನ್ನು ನಾನೇ ಕರೆದುಕೊಂಡು ಹೋದೆ. ಅಣ್ಣ ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕುಳಿತರು.